ಸೊನ್ನೆ, ಇಲ್ಲ, ಅಲ್ಲ

ನೀವು ಶಿಕ್ಷಕರಾಗಿದ್ದರೆ ಕಿರುಪರೀಕ್ಷೆಯ ಅಂಕಪಟ್ಟಿಯನ್ನು ಎಷ್ಟೋ ಬಾರಿ ತುಂಬಿರುತ್ತೀರಿ. 25 ಅಂಕಗಳ ಪರೀಕ್ಷೆ. ಒಬ್ಬ ಹುಡುಗ ಬಂದು ಕುಳಿತು, ಒಂದು ಉತ್ತರವನ್ನೂ ಸರಿಯಾಗಿ ಬರೆಯಲಿಲ್ಲ. ಅವನ ಹೆಸರಿನ ಮುಂದೆ 0. ಒಬ್ಬ ಹುಡುಗಿ ಜ್ವರದಿಂದ ಬರಲೇ ಇಲ್ಲ. ಅವಳ ಹೆಸರಿನ ಮುಂದೆ ‘ಗೈರು’ ಎಂದೋ ಒಂದು ಅಡ್ಡಗೀಟೋ ಇರುತ್ತದೆ. ಇನ್ನೊಬ್ಬನ ಹೆಸರಿನ ಮುಂದೆ ಯಾರೋ ಅವಸರದಲ್ಲಿ 52 ಎಂದು ಬರೆದಿದ್ದಾರೆ. 25 ಅಂಕಗಳ ಪರೀಕ್ಷೆಯಲ್ಲಿ 52 ಬರುವುದು ಸಾಧ್ಯವಿಲ್ಲ. ಈಗ ತರಗತಿಯ ಸರಾಸರಿ ಕಂಡುಹಿಡಿಯಿರಿ. ಮೊದಲನೆಯವನನ್ನು ಲೆಕ್ಕಕ್ಕೆ ಸೇರಿಸಲೇಬೇಕು. ಎರಡನೆಯವಳನ್ನು ಸೇರಿಸಬಾರದು. ಮೂರನೆಯವನ ಉತ್ತರಪತ್ರಿಕೆಯನ್ನು ಹುಡುಕಿ ತೆಗೆಯಬೇಕು. ಪಟ್ಟಿಯ ಮೇಲೆ ಕಣ್ಣಾಡಿಸಿದೊಡನೆ ನಿಮಗೆ ಇದು ತಿಳಿಯುತ್ತದೆ. ಗಣಕಯಂತ್ರಕ್ಕೆ ಇದು ತಾನಾಗಿ ತಿಳಿಯುವುದಿಲ್ಲ. ಅದಕ್ಕೆ ಇದನ್ನು ಕಲಿಸುವ ಪ್ರಯತ್ನವೇ ಈ ಲೇಖನದ ವಸ್ತು.

ಕನ್ನಡಿಗರಿಗೆ ಇಲ್ಲಿ ಒಂದು ಅನುಕೂಲವಿದೆ. ನಮ್ಮ ಭಾಷೆಯಲ್ಲಿ ನಿಷೇಧಕ್ಕೆ ಎರಡು ಬೇರೆ ಬೇರೆ ಮಾತುಗಳಿವೆ. ಇರುವಿಕೆಯನ್ನು ನಿರಾಕರಿಸುವುದು ‘ಇಲ್ಲ’. ಗುರುತನ್ನು ನಿರಾಕರಿಸುವುದು ‘ಅಲ್ಲ’. ‘ಮನೆಯಲ್ಲಿ ಹಾಲಿಲ್ಲ’ ಎಂಬುದೇ ಬೇರೆ, ‘ಇದು ಹಾಲಲ್ಲ’ ಎಂಬುದೇ ಬೇರೆ. ಚಿಕ್ಕ ಮಕ್ಕಳು ಕೂಡ ಇವೆರಡನ್ನು ಅದಲುಬದಲು ಮಾಡುವುದಿಲ್ಲ. ಅಂಕಪಟ್ಟಿಯ ಗೈರುಹಾಜರಿ ‘ಇಲ್ಲ’ದ ಜಾತಿಗೆ ಸೇರಿದ್ದು: ಅಂಕವೇ ಇಲ್ಲ. 52 ಎಂಬುದು ‘ಅಲ್ಲ’ದ ಜಾತಿಗೆ ಸೇರಿದ್ದು: ಏನೋ ಒಂದು ಇದೆ, ಆದರೆ ಅದು ಅಂಕವಲ್ಲ. ಸೊನ್ನೆ ಇವೆರಡೂ ಅಲ್ಲ. ಅದು ಇರುವ ಸಂಖ್ಯೆ, ಸಿಂಧುವಾದ ಸಂಖ್ಯೆ. ಕ್ರಮವಿಧಿಗಳನ್ನು ಬರೆಯುವವರು ಈ ಮೂರನ್ನು ಬೇರ್ಪಡಿಸಿ ಬರೆಯುವ ವ್ಯವಸ್ಥೆಯನ್ನು ಕಟ್ಟಲು ಅರ್ಧ ಶತಮಾನ ತೆಗೆದುಕೊಂಡರು. ಆ ಕೆಲಸ ಇಂದಿಗೂ ಪೂರ್ಣಗೊಂಡಿಲ್ಲ.

ಯಾವಗಲ್‌ನ ಮಳೆ

ವಿಷಯ ಬರಿಯ ವ್ಯಾಕರಣದ್ದಲ್ಲ. ಗದಗ ಜಿಲ್ಲೆಯ ರೋಣ ತಾಲೂಕಿನ ಯಾವಗಲ್‌ನಂಥ ಒಂದು ಊರನ್ನು ತೆಗೆದುಕೊಳ್ಳಿ. ಎರೆಮಣ್ಣಿನ ಸೀಮೆ. ಮುಂಗಾರಿನಲ್ಲಿ ಹೆಸರು, ಹಿಂಗಾರಿನಲ್ಲಿ ಜೋಳ ಮತ್ತು ಕಡಲೆ. ಮಳೆಯನ್ನೇ ನಂಬಿದ ಹೊಲಗಳಲ್ಲಿ ಯಾವ ವಾರ ಎಷ್ಟು ಮಿಲಿಮೀಟರ್ ಬಿತ್ತು ಎಂಬುದರ ಮೇಲೆ ಒಂದು ವರ್ಷದ ಬದುಕು ನಿಂತಿರುತ್ತದೆ. 2007ರ ಮುಂಗಾರಿನಲ್ಲಿ ಕರ್ನಾಟಕದಲ್ಲಿ ಹವಾಮಾನ ಆಧಾರಿತ ಬೆಳೆವಿಮೆ ಪ್ರಾಯೋಗಿಕವಾಗಿ ಆರಂಭವಾದ ಮೇಲೆ ಆ ಮಿಲಿಮೀಟರ್‌ಗೆ ಇನ್ನೊಂದು ತೂಕವೂ ಬಂತು. ಈ ಬಗೆಯ ವಿಮೆಯಲ್ಲಿ ಪರಿಹಾರವನ್ನು ನಿರ್ಧರಿಸುವುದು ಕೊಯ್ಲಿನ ಇಳುವರಿಯಲ್ಲ, ಮಾಪಕದಲ್ಲಿ ದಾಖಲಾದ ಹವೆಯ ಅಂಕಿಗಳು. ಬರಗಾಲದ ಘೋಷಣೆಯಲ್ಲಿಯೂ ಮಳೆಯ ಕೊರತೆಯ ಲೆಕ್ಕವೇ ಮೊದಲು ಬರುತ್ತದೆ.

ಒಂದು ಲೆಕ್ಕ ಮಾಡೋಣ. ಅಂಕಿಗಳು ಕಲ್ಪಿತ, ವಿಧಾನ ಮಾತ್ರ ನಿಜ. ಏಳು ದಿನಗಳ ಮಳೆ, ಮಿಲಿಮೀಟರ್‌ಗಳಲ್ಲಿ: 0, 4.2, ದಾಖಲೆ ಇಲ್ಲ, ದಾಖಲೆ ಇಲ್ಲ, 0, 11.0, 0. ವಾರದ ಮಳೆ 20 ಮಿ.ಮೀ.ಗಿಂತ ಕಡಿಮೆಯಾದರೆ ಪರಿಹಾರ ಸಲ್ಲುತ್ತದೆ ಎಂದಿಟ್ಟುಕೊಳ್ಳಿ. ದಾಖಲೆ ಇಲ್ಲದ ಎರಡು ದಿನಗಳನ್ನು ಸೊನ್ನೆ ಎಂದು ಓದಿದರೆ ಮೊತ್ತ 15.2. ಪರಿಹಾರ ಸಿಗುತ್ತದೆ. ತಿಳಿದಿರುವ ಐದು ದಿನಗಳ ಸರಾಸರಿ 3.04, ಅದನ್ನೇ ಆ ಎರಡು ದಿನಗಳಿಗೂ ತುಂಬಿದರೆ ಮೊತ್ತ 21.28. ಪರಿಹಾರ ಇಲ್ಲ. ದಾಖಲೆ ಇಲ್ಲ ಎಂಬುದಕ್ಕೆ ಗಣಕದಲ್ಲಿ −999 ಎಂಬ ಗುರುತು ಹಾಕಿದ್ದು, ಕ್ರಮವಿಧಿ ಬರೆದವರು ಅದನ್ನು ಮರೆತು ಎಲ್ಲವನ್ನೂ ಕೂಡಿಸಿದರೆ ಮೊತ್ತ −1982.8. ನಾಲ್ಕನೆಯ ಉತ್ತರವೂ ಉಂಟು: ‘ಈ ವಾರದ ಮೊತ್ತವನ್ನು ಹೇಳಲು ಬರುವುದಿಲ್ಲ’. ಅಂಕಿಗಳು ಅವೇ, ಉತ್ತರಗಳು ನಾಲ್ಕು. ಇವುಗಳಲ್ಲಿ −1982.8 ಎಲ್ಲಕ್ಕಿಂತ ನಿರಪಾಯಕಾರಿ ಎಂಬುದನ್ನು ಗಮನಿಸಿ. ಅದನ್ನು ನೋಡಿದವರು ನಗುತ್ತಾರೆ, ನಕ್ಕು ತಪ್ಪನ್ನು ಹುಡುಕುತ್ತಾರೆ. 15.2ನ್ನು ನೋಡಿ ಯಾರೂ ನಗುವುದಿಲ್ಲ.

ಗುರುತಿನ ಸಂಖ್ಯೆಯೂ ಎಲ್ಲ ಸಂದರ್ಭಗಳಲ್ಲಿ ಹೀಗೆ ನಗೆ ತರಿಸುವುದಿಲ್ಲ. −999ರ ಬದಲು −99.9 ಎಂದು ಇಟ್ಟುಕೊಂಡಿರುವ ಕಡತದಲ್ಲಿ, 200.0 ಮಿ.ಮೀ. ಮಳೆಯಾದ ತಿಂಗಳಲ್ಲಿ ಒಂದು ದಿನದ ದಾಖಲೆ ಇಲ್ಲ ಎಂದುಕೊಳ್ಳಿ. ಕಣ್ಣುಮುಚ್ಚಿ ಕೂಡಿದರೆ 100.1 ಬರುತ್ತದೆ. ಅರ್ಧದಷ್ಟು ಮಳೆ ಮಾಯವಾಯಿತು. ಉಳಿದ ಸಂಖ್ಯೆ ಮಾತ್ರ ಸಭ್ಯವಾಗಿ, ನಂಬುವಂತೆಯೇ ಇದೆ!

ಗಣಕಕ್ಕಿಂತ ಮೊದಲು

ಲೆಕ್ಕದಲ್ಲಿ ಅಸಿಂಧು ಉತ್ತರ ಬಂದಾಗ ಏನು ಮಾಡಬೇಕೆಂಬ ಪ್ರಶ್ನೆ ಗಣಕಕ್ಕಿಂತ ಸಾವಿರ ವರ್ಷ ಹಳೆಯದು. ಅದರ ಒಂದು ಅಧ್ಯಾಯ ನಡೆದದ್ದು ಇದೇ ನಾಡಿನಲ್ಲಿ. ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡಿನ ಗಡಿಗಳಾಗಿ ಕಿಸುವೊಳಲ್, ಕೊಪಣ, ಪುಲಿಗೆರೆ ಮತ್ತು ಒಂಕುಂದಗಳನ್ನು ಹೆಸರಿಸುತ್ತದೆ. ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಮಲಪ್ರಭೆಯ ದಂಡೆಯ ಒಕ್ಕುಂದ. ಭೂಪಟದಲ್ಲಿ ಈ ನಾಲ್ಕನ್ನು ಗೆರೆ ಎಳೆದು ಸೇರಿಸಿದರೆ ರೋಣದ ಸೀಮೆ ಆ ಚೌಕದ ಒಳಗೆ ಬರುತ್ತದೆ. ಅದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲ. ಪಕ್ಕದ ನರಗುಂದ ತಾಲೂಕಿನ ಕೊಣ್ಣೂರಿನಲ್ಲಿ ಅವನು 860ರಲ್ಲಿ ಜೈನ ಬಸದಿಗೆ ಕೊಟ್ಟ ದತ್ತಿಯನ್ನು ಹೇಳುವ ಶಾಸನವಿದೆ. ಅದೇ ಅಮೋಘವರ್ಷನನ್ನು ತನ್ನ ಗ್ರಂಥದ ಆರಂಭದಲ್ಲಿ ಹೊಗಳಿದ ಗಣಿತಜ್ಞ ಮಹಾವೀರಾಚಾರ್ಯ. ಗ್ರಂಥ ‘ಗಣಿತಸಾರಸಂಗ್ರಹ’, ಕಾಲ ಸುಮಾರು 850. ಇದನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಬಂದಿತು.

ಸೊನ್ನೆಯಿಂದ ಭಾಗಿಸಿದರೆ ಏನು ಬರುತ್ತದೆ? ಭಾರತದ ಮೂವರು ಗಣಿತಜ್ಞರು ಮೂರು ಉತ್ತರಗಳನ್ನು ಕೊಟ್ಟರು. 628ರಲ್ಲಿ ಬ್ರಹ್ಮಗುಪ್ತನು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದನು. ಬೇರೆ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸುವಾಗ ಸೊನ್ನೆಯನ್ನು ಛೇದದಲ್ಲಿಯೇ ಇರಿಸಿ ಭಿನ್ನರಾಶಿಯಾಗಿ ಬಿಟ್ಟನು. ಮಹಾವೀರನು ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದನು. 1150ರಲ್ಲಿ ಭಾಸ್ಕರಾಚಾರ್ಯನು ಅಂಥ ರಾಶಿಗೆ ‘ಖಹರ’ ಎಂದು ಹೆಸರಿಟ್ಟು, ಅದಕ್ಕೆ ಏನನ್ನು ಕೂಡಿದರೂ ಕಳೆದರೂ ಅದು ಬದಲಾಗದು ಎಂದನು.

ಮಹಾವೀರನ ಉತ್ತರ ತಪ್ಪೆಂದು ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ನನಗೆ ಅಷ್ಟು ಅವಸರ ಸರಿಯೆನಿಸುವುದಿಲ್ಲ. ಭಾಗಾಕಾರವನ್ನು ಹಂಚಿಕೆಯಾಗಿ ನೋಡುವವನಿಗೆ, ಪಡೆಯುವವರು ಯಾರೂ ಇಲ್ಲದಿದ್ದರೆ ಹಂಚಿಕೆಯೇ ನಡೆಯಲಿಲ್ಲ, ರಾಶಿ ಇದ್ದಲ್ಲೇ ಇದೆ ಎಂದು ತೋರುವುದು ಸಹಜ. ಉತ್ತರ ತಪ್ಪಿರಬಹುದು, ಆದರೆ ಅದು ಇಂದಿಗೂ ಜೀವಂತವಾಗಿರುವ ತಪ್ಪು. ಹೊಸ ಅಳತೆ ಬಾರದಿದ್ದಾಗ ಹಿಂದಿನ ಅಳತೆಯನ್ನೇ ಮುಂದುವರಿಸುವ ಕ್ರಮವಿಧಿಗಳು ಮಾಡುತ್ತಿರುವುದು ಇದನ್ನೇ: ಕ್ರಿಯೆ ನಡೆಯಲಿಲ್ಲ, ಇದ್ದದ್ದು ಇದ್ದಂತೆ. ಹಾಗೆಯೇ ಅರ್ಥವಾಗದ್ದನ್ನೆಲ್ಲ ಸೊನ್ನೆ ಎನ್ನುವ ಕ್ರಮವಿಧಿಗಳು ಬ್ರಹ್ಮಗುಪ್ತನ ಮೊದಲ ಉತ್ತರದ ಕಡೆಯವು. ಖಹರದ ವಿಷಯವನ್ನು ಸ್ವಲ್ಪ ಹೊತ್ತಿನಲ್ಲಿ ನೋಡೋಣ.

ಮಹಾವೀರನ ಇನ್ನೊಂದು ಮಾತು ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ್ದು. ಋಣಸಂಖ್ಯೆ ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅವನು ಸ್ಪಷ್ಟವಾಗಿ ಬರೆದಿದ್ದಾನೆ. ‘ಅಲ್ಲ’, ಆದ್ದರಿಂದ ‘ಇಲ್ಲ’! ಪ್ರಶ್ನೆಯನ್ನು ಕೇಳಬಹುದು, ಆದರೆ ಉತ್ತರವಾಗಿ ಯಾವ ಸಂಖ್ಯೆಯೂ ಬಾರದು ಎಂದು ಗುರುತಿಸಿ ನಿಲ್ಲುವುದೂ ಒಂದು ಗಣಿತಕ್ರಿಯೆಯೇ.

ಯಂತ್ರಕ್ಕೆ ‘ಅಲ್ಲ’ ಕಲಿಸಿದ್ದು

ಮನುಷ್ಯನು ‘ಉತ್ತರವಿಲ್ಲ’ ಎಂದು ಹೇಳಿ ಲೇಖನಿಯನ್ನು ಕೆಳಗಿಡಬಲ್ಲ. ಯಂತ್ರದ ಸ್ಮೃತಿಕೋಶದಲ್ಲಿ ಏನಾದರೊಂದು ಇರಲೇಬೇಕು. 1941ರಲ್ಲಿ ಬರ್ಲಿನ್ನಿನಲ್ಲಿ ಕೊನ್ರಾಡ್ ತ್ಸೂಸೆ ಕಟ್ಟಿದ ‘ಜ಼ಡ್3’ ಎಂಬ ರಿಲೇ ಗಣಕ ಈ ತೊಡಕನ್ನು ಆಗಲೇ ಕಂಡಿತ್ತು. ಸೊನ್ನೆಗೆ ಮತ್ತು ಅನಂತಕ್ಕೆ ಅದರಲ್ಲಿ ವಿಶೇಷ ಸಂಕೇತಗಳಿದ್ದವು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವಂಥ ಅರ್ಥವಿಲ್ಲದ ಕ್ರಿಯೆ ಬಂದರೆ ಯಂತ್ರ ನಿಂತು ಒಂದು ದೀಪ ಹೊತ್ತಿಕೊಳ್ಳುತ್ತಿತ್ತು. 1964ರ ಸಿಡಿಸಿ 6600 ಗಣಕ ಒಂದು ಹೆಜ್ಜೆ ಮುಂದೆ ಹೋಗಿ, ‘ಅನಿರ್ದಿಷ್ಟ’ ಎಂಬ ಅರ್ಥದ ಒಂದು ಸಂಕೇತವನ್ನು ಸಂಖ್ಯೆಗಳ ನಡುವೆಯೇ ಇರಿಸಿತು. ಉಳಿದ ಯಂತ್ರಗಳು ತಮ್ಮ ತಮ್ಮ ದಾರಿ ಹಿಡಿದಿದ್ದವು. ಒಂದರಲ್ಲಿ ಕ್ರಮವಿಧಿ ಅಲ್ಲಿಯೇ ಕುಸಿಯುತ್ತಿತ್ತು, ಇನ್ನೊಂದರಲ್ಲಿ ಸಾಧ್ಯವಿರುವ ಅತಿ ದೊಡ್ಡ ಸಂಖ್ಯೆ ಉತ್ತರವಾಗಿ ಬರುತ್ತಿತ್ತು. ಒಂದು ಗಣಕದಲ್ಲಿ ಸರಿಯಾಗಿ ನಡೆದ ಕ್ರಮವಿಧಿ ಇನ್ನೊಂದರಲ್ಲಿ ಬೇರೆ ಉತ್ತರ ಕೊಡುವುದು ಆಗ ಸಾಮಾನ್ಯ ಸಂಗತಿ.

ಈ ಅರಾಜಕತೆಗೆ ಒಂದು ಕೊನೆ ಕಾಣಿಸಿದವರಲ್ಲಿ ಮುಖ್ಯರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಕಹಾನ್. ಇಂಟೆಲ್ ಸಂಸ್ಥೆ ಗಣಿತಕ್ಕೆಂದೇ ಒಂದು ಪ್ರತ್ಯೇಕ ಚಿಪ್ಪನ್ನು ಮಾಡಹೊರಟಾಗ ಅವರು ಸಲಹೆಗಾರರಾಗಿದ್ದರು. 1980ರಲ್ಲಿ ಬಂದ ಆ ಚಿಪ್ಪೇ 8087. ಅದರ ಹಿಂದಿದ್ದ ಆಲೋಚನೆಗಳೇ ವರ್ಷಗಳ ಜಗಳದ ನಂತರ 1985ರಲ್ಲಿ ‘ಐಇಇಇ 754’ ಎಂಬ ಮಾನಕವಾದವು. ಕಹಾನ್‌ರಿಗೆ 1989ರ ಟ್ಯೂರಿಂಗ್ ಪ್ರಶಸ್ತಿ ಬಂದಿತು. ಇಂದು ನಿಮ್ಮ ಮೇಜಿನ ಮೇಲಿನ ಗಣಕವೂ ಜೇಬಿನಲ್ಲಿರುವ ಮೊಬೈಲೂ ಇದೇ ಮಾನಕವನ್ನು ಅನುಸರಿಸಿ ಲೆಕ್ಕ ಮಾಡುತ್ತವೆ.

ಅದರ ಒಳರಚನೆಯನ್ನು ತರಗತಿಯಲ್ಲಿ ಸುಲಭವಾಗಿ ವಿವರಿಸಬಹುದು. ದಶಮಾಂಶವುಳ್ಳ ಒಂದು ಸಂಖ್ಯೆಗೆ 64 ಬಿಟ್‌ಗಳು. ಒಂದು ಬಿಟ್ ಚಿಹ್ನೆಗೆ, 11 ಬಿಟ್‌ಗಳು ಘಾತಾಂಕಕ್ಕೆ, 52 ಬಿಟ್‌ಗಳು ಭಿನ್ನಭಾಗಕ್ಕೆ. ಘಾತಾಂಕದ ಹನ್ನೊಂದೂ ಬಿಟ್‌ಗಳು 1 ಆಗಿರುವ ಸ್ಥಿತಿಯನ್ನು ಸಾಮಾನ್ಯ ಸಂಖ್ಯೆಗಳಿಗೆ ಕೊಡದೆ ಮೀಸಲಿಟ್ಟರು. ಆಗ ಭಿನ್ನಭಾಗ ಪೂರ್ತಿ ಸೊನ್ನೆಯಾಗಿದ್ದರೆ ಅದು ಅನಂತ. ಭಿನ್ನಭಾಗದಲ್ಲಿ ಒಂದಾದರೂ 1 ಇದ್ದರೆ ಅದು ‘ನ್ಯಾನ್’, ಎಂದರೆ ‘ಸಂಖ್ಯೆ ಅಲ್ಲ’. ಇಂಗ್ಲಿಷಿನ ‘ನಾಟ್ ಎ ನಂಬರ್’ ಎಂಬ ಮೂರು ಪದಗಳ ಮೊದಲಕ್ಷರಗಳಿಂದ ಆದ ಹೆಸರಿದು. ಹೀಗೆ ‘ಅಲ್ಲ’ಕ್ಕೆ ಸಿಕ್ಕ ಸಂಕೇತಗಳು ಒಂದೆರಡಲ್ಲ. ಎರಡರ 53ನೆಯ ಘಾತದಲ್ಲಿ ಎರಡನ್ನು ಕಳೆದಷ್ಟು, ಎಂದರೆ ಒಂಬತ್ತು ಸಾವಿರ ಲಕ್ಷ ಕೋಟಿಗೂ ಹೆಚ್ಚು. ಈ ಧಾರಾಳತನದ ಉಪಯೋಗವನ್ನು ಮುಂದೆ ನೋಡಲಿದ್ದೇವೆ.

ನಿಯಮಗಳು ಹೀಗಿವೆ. ಒಂದನ್ನು ಸೊನ್ನೆಯಿಂದ ಭಾಗಿಸಿದರೆ ಅನಂತ. ಅನಂತಕ್ಕೆ ಯಾವ ಸಾಮಾನ್ಯ ಸಂಖ್ಯೆಯನ್ನು ಕೂಡಿದರೂ ಅನಂತ. ಇದು ಭಾಸ್ಕರನ ಖಹರವೇ! ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ, ಅನಂತದಲ್ಲಿ ಅನಂತವನ್ನು ಕಳೆದರೆ, ಋಣಸಂಖ್ಯೆಯ ವರ್ಗಮೂಲ ಕೇಳಿದರೆ ನ್ಯಾನ್. ಇಲ್ಲಿ ಮಹಾವೀರನ ತೀರ್ಪು ಉಳಿದಿದೆ. ನ್ಯಾನ್‌ಗೆ ಏನನ್ನು ಕೂಡಿದರೂ ಗುಣಿಸಿದರೂ ನ್ಯಾನ್. ಹುಳಿಯ ಒಂದು ತೊಟ್ಟು ಬಿದ್ದ ಹಾಲಿನಂತೆ ಇಡೀ ಲೆಕ್ಕ ಕೆಡುತ್ತದೆ. ಕೆಡಲಿ ಎಂಬುದೇ ಉದ್ದೇಶ. ಲೆಕ್ಕ ನಿಲ್ಲುವುದಿಲ್ಲ, ಆದರೆ ಕೊನೆಯ ಉತ್ತರವನ್ನು ನೋಡಿದವರಿಗೆ ಎಲ್ಲೋ ಏನೋ ಆಗಿದೆಯೆಂದು ತಿಳಿಯುತ್ತದೆ. ಜೊತೆಗೆ ಪ್ರೊಸೆಸರಿನಲ್ಲಿ ಒಂದು ಬಾವುಟವೂ ಏರುತ್ತದೆ. ಬೇಕೆನಿಸಿದ ಕ್ರಮವಿಧಿ ಅದನ್ನು ನೋಡಿಕೊಳ್ಳಬಹುದು.

ವಿದ್ಯಾರ್ಥಿಗಳನ್ನು ಬೆಚ್ಚಿಬೀಳಿಸುವ ಇನ್ನೊಂದು ನಿಯಮವಿದೆ: ನ್ಯಾನ್ ತನಗೆ ತಾನೇ ಸಮವಲ್ಲ. ಎರಡು ‘ಸಂಖ್ಯೆಯಲ್ಲ’ಗಳು ಒಂದೇ ಎನ್ನಲು ಆಧಾರವೆಲ್ಲಿದೆ? ಆದ್ದರಿಂದಲೇ ‘ಕ ಎಂಬುದು ಕಗೆ ಸಮವಲ್ಲವೇ?’ ಎಂದು ಕೇಳಿ ನ್ಯಾನ್‌ಅನ್ನು ಪತ್ತೆಹಚ್ಚುವ ಉಪಾಯ ಬಳಕೆಗೆ ಬಂತು. ಸಿ ಭಾಷೆಯ ಮಾನಕದಲ್ಲಿ ಇದಕ್ಕೆಂದೇ ಒಂದು ಸೌಲಭ್ಯ ಸೇರಿದ್ದು 1999ರಲ್ಲಿ. ದೊಡ್ಡದು, ಚಿಕ್ಕದು ಎಂಬ ಹೋಲಿಕೆಗಳಿಗೂ ನ್ಯಾನ್ ಕೊಡುವ ಉತ್ತರ ‘ಸುಳ್ಳು’ ಎಂದೇ. ಇದರಿಂದ ಒಂದು ಬಲೆ ಹುಟ್ಟುತ್ತದೆ. ‘ಮಳೆ ಸೊನ್ನೆಗಿಂತ ಕಡಿಮೆಯಾಗಿದ್ದರೆ ತಿರಸ್ಕರಿಸು’ ಎಂದು ನೀವು ಕಾವಲು ಹಾಕಿದರೆ ನ್ಯಾನ್ ಆ ಬಾಗಿಲಿನಿಂದ ಸಲೀಸಾಗಿ ಒಳಗೆ ಬರುತ್ತದೆ, ಏಕೆಂದರೆ ಅದು ಸೊನ್ನೆಗಿಂತ ಕಡಿಮೆಯಲ್ಲ. ‘ಮಳೆ ಸೊನ್ನೆ ಅಥವಾ ಹೆಚ್ಚು ಎಂಬುದು ನಿಜವಾಗದಿದ್ದರೆ ತಿರಸ್ಕರಿಸು’ ಎಂದು ಬರೆಯಬೇಕು. ಬೀಜಗಣಿತದಲ್ಲಿ ಇವೆರಡೂ ಒಂದೇ ಮಾತು, ಗಣಕದಲ್ಲಿ ಅಲ್ಲ.

ಈ ಏರ್ಪಾಡೆಲ್ಲ ತೇಲುಬಿಂದು ಸಂಖ್ಯೆಗಳಿಗೆ ಮಾತ್ರ. ಪೂರ್ಣಾಂಕಗಳ ಕೋಶದಲ್ಲಿ ಎಲ್ಲ ಬಿಟ್ ವಿನ್ಯಾಸಗಳೂ ಸಂಖ್ಯೆಗಳಿಗೇ ಮುಗಿದುಹೋಗಿವೆ, ‘ಅಲ್ಲ’ಕ್ಕೆ ಜಾಗವಿಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿ ಸುಮಾರು 40 ಸೆಕೆಂಡುಗಳಲ್ಲಿ ನಾಶವಾದದ್ದು ಇಂಥ ಗಡಿಯಲ್ಲಿ. 64 ಬಿಟ್‌ಗಳ ತೇಲುಬಿಂದು ಸಂಖ್ಯೆಯೊಂದನ್ನು 16 ಬಿಟ್‌ಗಳ ಪೂರ್ಣಾಂಕವಾಗಿ ಪರಿವರ್ತಿಸಬೇಕಿತ್ತು. ಅಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32767. ಬಂದದ್ದು ಅದಕ್ಕಿಂತ ದೊಡ್ಡದು. ಕ್ರಮವಿಧಿ ಅದನ್ನು ದೋಷವೆಂದು ಗುರುತಿಸಿ ದಿಕ್ಕು ಹೇಳುವ ಸಾಧನವನ್ನೇ ನಿಲ್ಲಿಸಿಬಿಟ್ಟಿತು. ಮೀಸಲು ಸಾಧನವೂ ಅದೇ ಕ್ರಮವಿಧಿಯಿಂದ ಅದೇ ರೀತಿ ನಿಂತಿತ್ತು. ಆ ಲೆಕ್ಕ ಹಾರಾಟದ ಆ ಹಂತದಲ್ಲಿ ಬೇಕಾಗಿಯೇ ಇರಲಿಲ್ಲ ಎಂಬುದು ದುರಂತದ ವ್ಯಂಗ್ಯ.

‘ಇಲ್ಲ’ದ ಕಥೆ

ನ್ಯಾನ್ ಬಗೆಹರಿಸಿದ್ದು ‘ಅಲ್ಲ’ವನ್ನು. ‘ಇಲ್ಲ’ದ ಕಥೆ ಬೇರೆ. ಅದು ಗಣಿತಜ್ಞರ ಮನೆಯದಲ್ಲ, ಕಚೇರಿಯ ಕಡತದ್ದು.

ಬ್ರಿಟಿಷರ ಕಾಲದಲ್ಲಿ ಮಳೆಮಾಪಕ ಇರುತ್ತಿದ್ದುದು ಸಾಮಾನ್ಯವಾಗಿ ತಾಲೂಕು ಕಚೇರಿಯಂಥ ಕಡೆ. 1875ರಲ್ಲಿ ಭಾರತ ಹವಾಮಾನ ಇಲಾಖೆ ಸ್ಥಾಪನೆಯಾದ ಮೇಲೆ ಈ ದಾಖಲೆಗಳು ಒಂದು ವ್ಯವಸ್ಥೆಗೆ ಒಳಪಟ್ಟವು. ಈಗ ಇಲಾಖೆಯ ಪದ್ಧತಿಯಂತೆ ಬೆಳಿಗ್ಗೆ 8.30ಕ್ಕೆ ಮಾಪಕವನ್ನು ಓದಿ ಹಿಂದಿನ 24 ಗಂಟೆಗಳ ಮಳೆಯನ್ನು ಬರೆಯಬೇಕು. ಕಾಗದದ ವಹಿಯಲ್ಲಿ ‘ಇಲ್ಲ’ಕ್ಕೆ ಕಷ್ಟವಿರಲಿಲ್ಲ. ಖಾಲಿ ಬಿಡಬಹುದು, ಗೀಟು ಹಾಕಬಹುದು, ಅಂಚಿನಲ್ಲಿ ಕಾರಣವನ್ನೂ ಬರೆಯಬಹುದು. ತೊಡಕು ಹುಟ್ಟಿದ್ದು ಅಂಕಿಗಳನ್ನು ರಂಧ್ರಪತ್ರಗಳಿಗೆ, ಅನಂತರ ಗಣಕದ ಕಡತಗಳಿಗೆ ಇಳಿಸಿದಾಗ. ಅಂಕಿಯ ಅಂಕಣದಲ್ಲಿ ಅಂಕಿಯನ್ನೇ ಬರೆಯಬೇಕು. ಆಗ ನಿಜವಾಗಿ ಬರಲಾರದ ಒಂದು ಸಂಖ್ಯೆಯನ್ನು ಆರಿಸಿ ‘ಇಲ್ಲ’ ಎಂಬ ಅರ್ಥವನ್ನು ಅದರ ಮೇಲೆ ಹೊರಿಸಿದರು. ಹವಾಮಾನ ಇಲಾಖೆಯ ಚೌಕವಾರು ಮಳೆಯ ದತ್ತಾಂಶದಲ್ಲಿ ಅದು −999, ತಾಪಮಾನದ ದತ್ತಾಂಶದಲ್ಲಿ 99.9. ಬೇರೆ ಕೆಲವು ಅಂತರರಾಷ್ಟ್ರೀಯ ಸಂಗ್ರಹಗಳಲ್ಲಿ −9999. ನೀರು ಕುದಿಯುವ ಬಿಸಿಗೆ ಹತ್ತಿರದ 99.9 ಡಿಗ್ರಿ ಯಾವ ಊರಿನ ಗಾಳಿಯಲ್ಲೂ ಬರದು, ನಿಜ. ಆದರೆ ಈ ಒಪ್ಪಂದ ಕಡತದ ಒಳಗಿಲ್ಲ, ಜೊತೆಗಿರುವ ವಿವರಣೆಯ ಹಾಳೆಯಲ್ಲಿದೆ. ಹಾಳೆ ಕಳೆದುಹೋದರೆ?

‘ಇಲ್ಲ’ ಎಷ್ಟಿದೆ ಎಂಬುದು ಹೊರಗಿನವರಿಗೆ ತಿಳಿಯುವುದು ವಿರಳ. 1 ಡಿಗ್ರಿ ಚೌಕಗಳ ಮಳೆಯ ದತ್ತಾಂಶವನ್ನು 2000ದ ದಶಕದಲ್ಲಿ ಹವಾಮಾನ ಇಲಾಖೆಯ ವಿಜ್ಞಾನಿಗಳು ಸಿದ್ಧಪಡಿಸಿದಾಗ ಅವರ ಕೈಯಲ್ಲಿ 6329 ಕೇಂದ್ರಗಳ ದಾಖಲೆಗಳಿದ್ದವು. 1951ರಿಂದ 2003ರ ಅವಧಿಯಲ್ಲಿ ಕನಿಷ್ಠ 90 ಶೇಕಡ ದಿನಗಳ ದಾಖಲೆ ಇದ್ದ ಕೇಂದ್ರಗಳನ್ನು ಮಾತ್ರ ಆರಿಸಿದರು. ಉಳಿದದ್ದು 1803. ಮೂರರಲ್ಲಿ ಒಂದಕ್ಕಿಂತಲೂ ಕಡಿಮೆ. ಮುಂದೆ 2014ರಲ್ಲಿ ಪ್ರಕಟವಾದ ಕಾಲು ಡಿಗ್ರಿ ಚೌಕಗಳ ದತ್ತಾಂಶ 1901ರಿಂದ ಆರಂಭವಾಗುತ್ತದೆ. ಅದರಲ್ಲಿ ಯಾವಗಲ್ ಇರುವ ಚೌಕಕ್ಕೂ 1901ರ ಪ್ರತಿದಿನಕ್ಕೆ ಒಂದು ಸಂಖ್ಯೆ ಇದೆ. ಅದು ಸುತ್ತಲಿನ ಕೇಂದ್ರಗಳ ಅಳತೆಗಳಿಂದ, ದೂರಕ್ಕೆ ತಕ್ಕ ತೂಕ ಕೊಟ್ಟು ಅಂದಾಜಿಸಿದ ಸಂಖ್ಯೆ. ಅಂದಾಜು ತಪ್ಪಲ್ಲ, ಬೇಕಾದದ್ದೇ. ಆದರೆ ಪಕ್ಕದಲ್ಲಿಟ್ಟು ನೋಡಿದರೆ ಅಳೆದ ಸಂಖ್ಯೆಗೂ ಅಂದಾಜಿಸಿದ ಸಂಖ್ಯೆಗೂ ಮುಖದಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ದತ್ತಸಂಚಯಗಳ ಲೋಕದಲ್ಲಿ ‘ಇಲ್ಲ’ಕ್ಕೆ ಸ್ವಂತ ಸಂಕೇತ ಕೊಡುವ ವಾದವನ್ನು ಮುಂದಿಟ್ಟವರು ಐಬಿಎಂನ ಎಡ್ಗರ್ ಕಾಡ್. ಅವರು 1979ರಲ್ಲಿ ‘ನಲ್’ ಎಂಬ ಗುರುತನ್ನೂ ಅದರ ಜೊತೆಗೆ ನಿಜ, ಸುಳ್ಳು, ತಿಳಿಯದು ಎಂಬ ಮೂರು ಬೆಲೆಗಳ ತರ್ಕವನ್ನೂ ವಿವರಿಸಿದರು. 1990ರ ಪುಸ್ತಕದಲ್ಲಿ ಇನ್ನೂ ಮುಂದೆ ಹೋಗಿ ಎರಡು ಗುರುತುಗಳು ಬೇಕೆಂದರು. ಬೆಲೆ ಇರಬೇಕಾಗಿತ್ತು, ಆದರೆ ನಮಗೆ ತಿಳಿದಿಲ್ಲ ಎಂಬುದಕ್ಕೆ ಒಂದು. ಇಲ್ಲಿ ಬೆಲೆ ಎಂಬುದೇ ಅನ್ವಯಿಸುವುದಿಲ್ಲ ಎಂಬುದಕ್ಕೆ ಇನ್ನೊಂದು. ಬಳಕೆಯಲ್ಲಿರುವ ಎಸ್‌ಕ್ಯೂಎಲ್ ಭಾಷೆ ಇದನ್ನು ಒಪ್ಪಲಿಲ್ಲ, ಒಂದೇ ನಲ್‌ನಲ್ಲಿ ಎಲ್ಲವನ್ನೂ ತುಂಬಿತು. ಇಂಗ್ಲಿಷಿನಲ್ಲಿ ಯೋಚಿಸುವವರಿಗೆ ಎರಡು ಗುರುತುಗಳು ಅತಿಯೆನಿಸಿರಬಹುದು ಎಂಬುದು ನನ್ನ ಊಹೆ.

ಸಂಖ್ಯಾಶಾಸ್ತ್ರಜ್ಞರು ಮಾತ್ರ ಬಿಡಲಿಲ್ಲ. ನ್ಯೂಜ಼ಿಲೆಂಡಿನ ಆಕ್ಲಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ 1990ರ ದಶಕದಲ್ಲಿ ರೂಪಿಸಿದ ‘ಆರ್’ ಭಾಷೆಯಲ್ಲಿ ‘ಇಲ್ಲ’ ಮತ್ತು ‘ಅಲ್ಲ’ ಎರಡೂ ಬೇರೆ ಬೇರೆಯಾಗಿವೆ. ಹಾರ್ಡ್‌ವೇರಿನಲ್ಲಿ ‘ಇಲ್ಲ’ಕ್ಕೆ ಸಂಕೇತವಿಲ್ಲವಲ್ಲ, ಏನು ಮಾಡಿದರು? ಒಂಬತ್ತು ಸಾವಿರ ಲಕ್ಷ ಕೋಟಿ ನ್ಯಾನ್‌ಗಳಲ್ಲಿ ಒಂದನ್ನು ಆರಿಸಿ, ಅದರ ಕೆಳಗಿನ ಬಿಟ್‌ಗಳಲ್ಲಿ 1954 ಎಂಬ ಸಂಖ್ಯೆಯನ್ನು ಗುರುತಾಗಿ ಬರೆದು, ‘ಇದು ಕಂಡರೆ ಇಲ್ಲ ಎಂದು ತಿಳಿ’ ಎಂದು ನಿಯಮ ಮಾಡಿದರು. 1954 ಇಹಾಕಾ ಹುಟ್ಟಿದ ವರ್ಷ. ಪ್ರೊಸೆಸರಿಗೆ ಈ ಒಪ್ಪಂದ ತಿಳಿಯದು. ಆದ್ದರಿಂದ ಆರ್‌ನಲ್ಲಿ ‘ಇಲ್ಲ’ಕ್ಕೆ ‘ಅಲ್ಲ’ವನ್ನು ಕೂಡಿದರೆ ಯಾವುದು ಉಳಿಯುತ್ತದೆ ಎಂಬುದು ಯಂತ್ರದಿಂದ ಯಂತ್ರಕ್ಕೆ ಬದಲಾಗಬಹುದು ಎಂದು ಆ ಭಾಷೆಯ ಕೈಪಿಡಿಯೇ ಎಚ್ಚರಿಸುತ್ತದೆ.

ಶಾಲೆಗಳಲ್ಲಿ ಹೆಚ್ಚು ಬಳಕೆಯಾಗುವ ಎಕ್ಸೆಲ್‌ನಲ್ಲೂ ಇದನ್ನು ಪರೀಕ್ಷಿಸಬಹುದು. ಸರಾಸರಿ ಕೇಳಿದರೆ ಅದು ಖಾಲಿ ಕೋಶವನ್ನು ಬಿಟ್ಟು ಲೆಕ್ಕ ಮಾಡುತ್ತದೆ. ‘ಗೈರು’ ಎಂದು ಬರೆದ ಕೋಶವನ್ನೂ ಬಿಡುತ್ತದೆ. ಆದರೆ ಅದೇ ಖಾಲಿ ಕೋಶವನ್ನು ಇನ್ನೊಂದಕ್ಕೆ ಕೂಡಿಸುವ ಚಿಹ್ನೆಯಿಂದ ಕೂಡಿದರೆ ಸೊನ್ನೆಯೆಂದು ಎಣಿಸುತ್ತದೆ. ಒಂದೇ ಹಾಳೆಯಲ್ಲಿ ಎರಡು ನ್ಯಾಯ!

ಕನ್ನಡದ ಅಂಕಿ, ಸಿ ಭಾಷೆಯ ಸೊನ್ನೆ

ದತ್ತಾಂಶ ಒಳಬರುವ ಬಾಗಿಲಿನಲ್ಲಿ ಆಗುವ ಒಂದು ಅನಾಹುತ ನಮಗೆ ಮಾತ್ರ ಸಂಬಂಧಿಸಿದ್ದು. ಮಳೆಯನ್ನು ಯಾರೋ ಕನ್ನಡ ಅಂಕಿಗಳಲ್ಲಿ ೧೨.೪ ಎಂದು ಬೆರಳಚ್ಚಿಸುತ್ತಾರೆ. ಅಕ್ಷರಸರಣಿಯನ್ನು ಸಂಖ್ಯೆಯಾಗಿಸುವ ಸಿ ಭಾಷೆಯ ಹಳೆಯ ‘ಎಟುಎಫ್’ ಎಂಬ ಉಪಕ್ರಮಕ್ಕೆ ಈ ಅಕ್ಷರಗಳು ಅಂಕಿಗಳಲ್ಲ. ಅದು ದೋಷವನ್ನೂ ಹೇಳುವುದಿಲ್ಲ, ಸುಮ್ಮನೆ ಸೊನ್ನೆಯನ್ನು ಕೊಡುತ್ತದೆ. 12.4 ಮಿ.ಮೀ. ಮಳೆ ಒಣದಿನವಾಯಿತು! 1989ರ ಮಾನಕದಲ್ಲಿ ಬಂದ ‘ಎಸ್‌ಟಿಆರ್‌ಟುಡಿ’ ಎಂಬ ಉಪಕ್ರಮ ಎಲ್ಲಿಯವರೆಗೆ ಓದಿದೆ ಎಂಬುದನ್ನಾದರೂ ತಿಳಿಸುತ್ತದೆ, ಕೇಳುವವರಿದ್ದರೆ. ಜಾವಾಸ್ಕ್ರಿಪ್ಟ್ ಇದೇ ೧೨.೪ಕ್ಕೆ ನ್ಯಾನ್ ಎನ್ನುತ್ತದೆ. ಅಷ್ಟು ಪ್ರಾಮಾಣಿಕವಾದ ಅದೇ ಭಾಷೆ ಖಾಲಿ ಸರಣಿಯನ್ನು ಸಂಖ್ಯೆಯಾಗಿಸಲು ಹೇಳಿದರೆ ಸೊನ್ನೆ ಎನ್ನುತ್ತದೆ. ಪೈಥಾನ್ ಯುನಿಕೋಡಿನ ಕನ್ನಡ ಅಂಕಿಗಳನ್ನು ಗುರುತಿಸಿ 12.4 ಎಂದೇ ಓದುತ್ತದೆ. ಆದರೆ ಬೆರಳಚ್ಚಿಸಿದವರು ಸೊನ್ನೆಯ ಬದಲು ಅದರಂತೆಯೇ ಕಾಣುವ ಅನುಸ್ವಾರವನ್ನು ಒತ್ತಿದ್ದರೆ ಪೈಥಾನ್ ಕೂಡ ದೋಷವೆಂದು ನಿಂತುಬಿಡುತ್ತದೆ. ಕಣ್ಣಿಗೆ ಎರಡೂ ಒಂದೇ ಉಂಗುರ, ಸಂಕೇತ ಬೇರೆ. ವಿದ್ಯಾರ್ಥಿಗಳು ತಮ್ಮ ಗಣಕದಲ್ಲಿ ಈ ನಾಲ್ಕನ್ನೂ ಮಾಡಿ ನೋಡಬೇಕು. ಹತ್ತು ನಿಮಿಷದ ಕೆಲಸ.

ಗುರುತು ಹಾಕಿ ಇಟ್ಟುಕೊಂಡದ್ದು

ಅನುಮಾನಾಸ್ಪದ ಸಂಖ್ಯೆಯನ್ನು ಅಳಿಸಬೇಕೆ, ಉಳಿಸಬೇಕೆ? ಓಜ಼ೋನ್ ರಂಧ್ರದ ಪ್ರಸಂಗವನ್ನು ಇದಕ್ಕೆ ಉದಾಹರಣೆಯಾಗಿ ಹೇಳುವುದುಂಟು. 1985ರಲ್ಲಿ ಫಾರ್ಮನ್, ಗಾರ್ಡಿನರ್ ಮತ್ತು ಶಾಂಕ್ಲಿನ್ ಅಂಟಾರ್ಕ್ಟಿಕದ ಹ್ಯಾಲಿ ನೆಲೆಯ ಅಳತೆಗಳಿಂದ ವಸಂತಕಾಲದಲ್ಲಿ ಅಲ್ಲಿನ ಓಜ಼ೋನ್ ತೀರಾ ಕುಗ್ಗುತ್ತಿದೆ ಎಂದು ಪ್ರಕಟಿಸಿದರು. 1978ರಿಂದ ಮೇಲೆ ಸುತ್ತುತ್ತಿದ್ದ ನಾಸಾದ ನಿಂಬಸ್ 7 ಉಪಗ್ರಹಕ್ಕೆ ಇದು ಕಾಣಲಿಲ್ಲವೇ? ‘ಗಣಕ ಕಡಿಮೆ ಅಂಕಿಗಳನ್ನೆಲ್ಲ ಬಿಸಾಡಿತ್ತು’ ಎಂಬ ಕಥೆ ಎಲ್ಲೆಡೆ ಹಬ್ಬಿದೆ. ಅದು ಪೂರ್ತಿ ನಿಜವಲ್ಲ. 180 ಡಾಬ್ಸನ್ ಮಾನಕ್ಕಿಂತ ಕಡಿಮೆ ಬಂದ ಅಳತೆಗಳಿಗೆ ಕ್ರಮವಿಧಿ ‘ಅನುಮಾನಾಸ್ಪದ’ ಎಂಬ ಗುರುತು ಹಾಕುತ್ತಿತ್ತು, ಅಳಿಸುತ್ತಿರಲಿಲ್ಲ. ನಾಸಾದ ವಿಜ್ಞಾನಿಗಳು ಆ ಗುರುತುಗಳು ಒಂದೇ ಕಡೆ ಗುಂಪಾಗಿರುವುದನ್ನು ತಾವೂ ಗಮನಿಸಿ ಉಪಕರಣದ ದೋಷವಿರಬಹುದೇ ಎಂದು ಪರಿಶೀಲಿಸುತ್ತಿದ್ದರು. ಮೂಲ ಅಳತೆಗಳು ಉಳಿದಿದ್ದುದರಿಂದಲೇ ಹಿಂದಿನ ವರ್ಷಗಳ ಭೂಪಟಗಳನ್ನು ಮತ್ತೆ ರಚಿಸಿ, ರಂಧ್ರ ಇಡೀ ಅಂಟಾರ್ಕ್ಟಿಕ ಖಂಡದಷ್ಟು ವಿಶಾಲವೆಂದು ತೋರಿಸಲು ಸಾಧ್ಯವಾಯಿತು. 180ಕ್ಕಿಂತ ಕಡಿಮೆಯವನ್ನು ಸೊನ್ನೆಯಾಗಿಯೋ −999 ಆಗಿಯೋ ಬದಲಿಸಿಬಿಟ್ಟಿದ್ದರೆ ಅದು ಆಗುತ್ತಿರಲಿಲ್ಲ.

ಕರ್ನಾಟಕದಲ್ಲಿ 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭವಾಗಿ, ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾದ ಸಂಸ್ಥೆಯು ಗ್ರಾಮ ಪಂಚಾಯಿತಿಗೊಂದರಂತೆ ದೂರಮಾಪಕ ಮಳೆಯಂತ್ರಗಳನ್ನು ನೆಡುತ್ತ ಬಂದಿದೆ. ತಾಲೂಕಿಗೊಂದು ಅಂಕಿಯ ಕಾಲ ಹೋಗಿ, ಹಳ್ಳಿಯ ಮಳೆ ಹಳ್ಳಿಯ ಹೆಸರಿನಲ್ಲೇ ದಾಖಲಾಗುವ ಕಾಲ ಬಂದಿತು. ಪ್ರತಿ 15 ನಿಮಿಷಕ್ಕೊಮ್ಮೆ ಅಂಕಿ ಹೊರಟರೆ ದಿನಕ್ಕೆ 96. ಜಾಲ ಕೈಕೊಟ್ಟು ಇವುಗಳಲ್ಲಿ ಕೆಲವು ಬಾರದಿದ್ದರೆ ಅದು ‘ಇಲ್ಲ’. ಸಂದೇಶ ಕೆಟ್ಟು ಅಸಂಬದ್ಧ ಅಕ್ಷರಗಳು ಬಂದರೆ ಅದು ‘ಅಲ್ಲ’. ಇವೆರಡನ್ನೂ ಕ್ರಮವಿಧಿ ಹಿಡಿಯಬಲ್ಲದು.

ಹಿಡಿಯಲಾರದ್ದು ಒಂದಿದೆ. ಸ್ವಯಂಚಾಲಿತ ಮಾಪಕಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ತೂಗುಬಟ್ಟಲಿನ ವಿಧ. ಮೇಲಿನ ಆಲಿಕೆಯಿಂದ ಇಳಿದ ನೀರು ಸಣ್ಣ ಬಟ್ಟಲನ್ನು ತುಂಬುತ್ತದೆ, ಬಟ್ಟಲು ಮಗುಚಿದಾಗಲೆಲ್ಲ ಒಂದು ಎಣಿಕೆ. ಬೇಸಿಗೆಯ ಧೂಳೋ ಒಂದು ಒಣ ಎಲೆಯೋ ಆಲಿಕೆಯ ಬಾಯಿಯನ್ನು ಮುಚ್ಚಿದರೆ ಮಳೆ ಸುರಿಯುತ್ತಿರುವಾಗಲೂ ಬಟ್ಟಲು ಮಗುಚುವುದಿಲ್ಲ. ಕೇಂದ್ರಕ್ಕೆ ಹೊತ್ತಿಗೆ ಸರಿಯಾಗಿ, ಸರಿಯಾದ ರೂಪದಲ್ಲಿ ಸೊನ್ನೆ ಹೋಗುತ್ತದೆ. ಸಂಖ್ಯೆ ಇದೆ, ಸಿಂಧುವೂ ಹೌದು, ನಿಜ ಮಾತ್ರ ಅಲ್ಲ. ಸುತ್ತಲಿನ ನಾಲ್ಕು ಊರುಗಳ ಮಾಪಕಗಳು 30, 40 ಮಿ.ಮೀ. ತೋರಿಸುತ್ತಿರುವಾಗ ನಡುವಿನದೊಂದು ಸೊನ್ನೆ ಎಂದರೆ ಅನುಮಾನಪಡಬಹುದು. ಹಾಗೆಂದು ಅನುಮಾನವೇ ತೀರ್ಪಲ್ಲ. ಮುಂಗಾರಿನ ಆರಂಭದ ಗುಡುಗುಮಳೆ ಒಂದು ಹೊಲವನ್ನು ತೋಯಿಸಿ ಪಕ್ಕದ ಹೊಲವನ್ನು ಒಣದಾಗಿ ಬಿಡುವುದನ್ನು ಎರೆಸೀಮೆಯ ರೈತರೆಲ್ಲ ಬಲ್ಲರು. ಆದ್ದರಿಂದ ಆ ಸೊನ್ನೆಯನ್ನು ಇದ್ದಂತೆಯೇ ಇಟ್ಟು, ಪಕ್ಕದಲ್ಲಿ ಗುರುತು ಹಾಕಿ, ಒಬ್ಬರು ಏಣಿ ಹತ್ತಿ ಆಲಿಕೆಯೊಳಗೆ ನೋಡಿ ಬರಬೇಕು. ಎಲೆ ಸಿಕ್ಕರೆ ಅಂದಿನ ಮಳೆಯ ಅಂಕಣದಲ್ಲಿ ಬರೆಯಬೇಕಾದದ್ದು ಸೊನ್ನೆಯೂ ಅಲ್ಲ, ಪಕ್ಕದೂರಿನ ನಲವತ್ತೂ ಅಲ್ಲ, ‘ಇಲ್ಲ’.